‘ಇಲ್ಲ’ ಮತ್ತು ‘ಇನ್ನೂ ಬಂದಿಲ್ಲ’

ಪುಣೆಗೆ ಬಂದು 14 ವರ್ಷವಾಯಿತು. ಇಲ್ಲಿನ ಕನ್ನಡಿಗರ ಕೂಟಗಳಲ್ಲಿ ಹಿರಿಯರು ಯಾರಾದರೂ “ಐಟಿಯೊಳಗ ಏನ್ ಕೆಲಸ ಮಾಡ್ತೀಯವಾ?” ಎಂದು ಕೇಳಿದರೆ, “ಮೊಬೈಲ್‌ನ್ಯಾಗ, ಕಂಪ್ಯೂಟರ್‌ನ್ಯಾಗ ನೀವು ನೋಡ್ತೀರಲ್ರಿ, ಆ ಸ್ಕ್ರೀನ್ ಮಾಡ್ತೀನ್ರಿ” ಎನ್ನುತ್ತೇನೆ. ಬಣ್ಣ ಹಚ್ಚುವ, ಬಟನ್ ಜೋಡಿಸುವ ಕೆಲಸ ಇರಬೇಕು ಎಂದುಕೊಳ್ಳುತ್ತಾರೆ. ಅದೂ ಇದೆ, ಆದರೆ ದಿನದ ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಹೋಗುವುದು ಒಂದೇ ಪ್ರಶ್ನೆಗೆ: ಕೇಳಿದ ಮಾಹಿತಿ ಇನ್ನೂ ಕೈಗೆ ಬಂದಿಲ್ಲ, ನೋಡುವವರು ಆಗಲೇ ಎದುರಿಗೆ ಕೂತಿದ್ದಾರೆ. ಈಗ ಸ್ಕ್ರೀನ್ ಮೇಲೆ ಏನು ತೋರಿಸಬೇಕು?

ಖಾನಾವಳಿಯ ಉದಾಹರಣೆ ಕೊಟ್ಟರೆ ಇದು ಬೇಗ ತಿಳಿಯುತ್ತದೆ. ನೀವು ಇನ್ನೊಂದು ರೊಟ್ಟಿ ಕೇಳುತ್ತೀರಿ. ಬಡಿಸುವ ಹುಡುಗ ಒಳಗೆ ಕೂಗಿ ಹೇಳುತ್ತಾನೆ, ಆದರೆ ರೊಟ್ಟಿ ಬೇಯುವವರೆಗೂ ಒಲೆಯ ಮುಂದೆ ನಿಲ್ಲುವುದಿಲ್ಲ. ಪಕ್ಕದ ಟೇಬಲ್ಲಿಗೆ ಮಜ್ಜಿಗೆ ಕೊಟ್ಟು, ಇನ್ನೊಬ್ಬರಿಗೆ ಪಲ್ಯ ಬಡಿಸಿ, ರೊಟ್ಟಿ ಬಂದಾಗ ತಂದು ನಿಮ್ಮ ತಾಟಿಗೆ ಹಾಕುತ್ತಾನೆ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಕೆಲಸ ಮಾಡುವುದೂ ಹೀಗೆಯೇ. ಪುಟದ ಮುಖ್ಯ ಕೆಲಸಕ್ಕೆ ಇರುವವನು ಅವನೊಬ್ಬನೇ. ಸರ್ವರ್‌ನ ಉತ್ತರಕ್ಕಾಗಿ ಅವನು ನಿಂತುಬಿಟ್ಟರೆ ಪುಟವೆಲ್ಲ ಕಲ್ಲಾಗುತ್ತದೆ. ಹಾಗಾಗಿ ಕೋರಿಕೆ ಕಳಿಸಿ, ಬೇರೆ ಕೆಲಸ ನೋಡಿಕೊಂಡು, ಉತ್ತರ ಬಂದಾಗ ಅದನ್ನು ಕೈಗೆತ್ತಿಕೊಳ್ಳುತ್ತಾನೆ. ಇದಕ್ಕೆ ‘ಅಸಿಂಕ್ರೋನಸ್’ ಎನ್ನುತ್ತೇವೆ.

ಇದು ಮೊದಲಿನಿಂದ ಇದ್ದದ್ದಲ್ಲ. ನಾನು ಧಾರವಾಡದಲ್ಲಿ ಎಂಸಿಎ ಓದುವಾಗ ಇಂಟರ್ನೆಟ್ ಸೆಂಟರಿನ ಎಷ್ಟೋ ಪುಟಗಳು ಒಂದು ಕ್ಲಿಕ್ ಮಾಡಿದರೆ ಪೂರ್ತಿ ಬೆಳ್ಳಗಾಗಿ, ಮತ್ತೆ ಮೇಲಿನಿಂದ ಮೂಡಿ ಬರುತ್ತಿದ್ದವು. ಪುಟ ಹಾಗೇ ಇದ್ದು ಮಾಹಿತಿ ಮಾತ್ರ ಹಿಂದಿನಿಂದ ಬರುವ ದಾರಿ ಅಷ್ಟರಲ್ಲಾಗಲೇ ಹುಟ್ಟಿತ್ತು. ಮೈಕ್ರೋಸಾಫ್ಟ್‌ನವರು ಔಟ್‌ಲುಕ್‌ನ ವೆಬ್ ಆವೃತ್ತಿಗಾಗಿ ಅದನ್ನು ಮಾಡಿಕೊಂಡಿದ್ದರು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಅದು ಹೊರಬಂತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಅದರ ಬಲ ಜನಕ್ಕೆ ಕಂಡಿತು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಇದಕ್ಕೆ ‘ಏಜಾಕ್ಸ್’ ಎಂದು ಹೆಸರಿಟ್ಟರು. ಆಮೇಲೆ 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ‘ಪ್ರಾಮಿಸ್’ ಸೇರಿತು, 2017ರಲ್ಲಿ ‘ಅಸಿಂಕ್-ಅವೇಟ್’ ಬಂತು. ಈಗ ಮಾಹಿತಿ ತರಿಸುವ ಕೋಡ್ ಬರೆಯಲು ನಾಲ್ಕು ಸಾಲು ಸಾಕು. ಬರೆಯುವುದು ಇಷ್ಟು ಸುಲಭವಾದದ್ದರಿಂದಲೇ, ಉತ್ತರ ಬರುವ ತನಕದ ಹೊತ್ತನ್ನು ನಾವು ಮರೆತುಬಿಡುತ್ತೇವೆ ಅನಿಸುತ್ತದೆ.

ಆ ಹೊತ್ತಿಗೆ ಎಷ್ಟು ತೂಕವಿದೆ ಎಂಬುದು ನನಗೆ ತಿಳಿದದ್ದು ಅವ್ವನಿಂದ.

ಅಪ್ಪ ಶಾಲಾ ಮಾಸ್ತರರಾಗಿದ್ದವರು. ಅವರು ಹೋದ ಮೇಲೆ ಕುಟುಂಬ ಪಿಂಚಣಿ ಅವ್ವನ ಖಾತೆಗೆ ಬರುತ್ತದೆ. ಗದಗದ ಹತ್ತಿರದ ನಮ್ಮ ಊರಿನಿಂದ ಬ್ಯಾಂಕಿಗೆ ಬಸ್ಸಿನಲ್ಲಿ ಹೋಗಿಬರುವ ತ್ರಾಸು ತಪ್ಪಲಿ ಎಂದು ಅವಳ ಫೋನಿಗೆ ಬ್ಯಾಂಕಿನ ಆ್ಯಪ್ ಹಾಕಿಕೊಟ್ಟಿದ್ದೆ. ಎರಡು ದಿನ ಕೂತು ಕಲಿತಳು. ಎರಡು ವರ್ಷದ ಹಿಂದೆ ಒಂದು ಸಂಜೆ, ನಾನು ಮೀಟಿಂಗಿನಲ್ಲಿದ್ದಾಗ, ಮೂರು ಸಲ ಫೋನ್ ಮಾಡಿದಳು. ಹೊರಗೆ ಬಂದು ಎತ್ತಿದರೆ ಅವಳ ದನಿ ನಡುಗುತ್ತಿತ್ತು.

“ಯವ್ವಾ, ಖಾತೇದಾಗ ಸೊನ್ನಿ ತೋರ್ಸಾಕತ್ತೈತಿ. ನಿಮ್ಮಪ್ಪನ ಪೆನ್ಶನ್ ಯಾರೋ ಹೊಡ್ಕೊಂಡಾರ.”

“ಅವ್ವಾ, ಗಾಬರಿ ಆಗಬ್ಯಾಡ. ನೆಟ್‌ವರ್ಕ್ ಇರಲಿಕ್ಕಿಲ್ಲ.”

“ನೆಟ್‌ವರ್ಕ್ ಇಲ್ಲಂದ್ರ ನೆಟ್‌ವರ್ಕ್ ಇಲ್ಲ ಅನಬೇಕಲ್ಲ? ರೊಕ್ಕ ಇಲ್ಲ ಅಂತ ಯಾಕ ಅಂತೈತಿ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಓಟಿಪಿ ಕೇಳುವ ಕಳ್ಳರ ಬಗ್ಗೆ ಟಿವಿಯಲ್ಲಿ ದಿನಾ ನೋಡುವ ಹೆಂಗಸು, ಸೊನ್ನೆ ಕಂಡರೆ ಬೇರೆ ಏನು ತಿಳಿದುಕೊಳ್ಳಬೇಕು? ಆ ರಾತ್ರಿ ಅವಳು ಮಲಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಗದಗಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಪಾಸ್‌ಬುಕ್ ಎಂಟ್ರಿ ಮಾಡಿಸಿದಳು. ದುಡ್ಡು ಪೈಸೆ ಹೆಚ್ಚುಕಡಿಮೆ ಇಲ್ಲದೆ ಇತ್ತು.

ಆ ಆ್ಯಪ್‌ನ ಒಳಗೆ ಏನಾಯಿತೆಂದು ನಾನು ಕಂಡಿಲ್ಲ. ಆದರೆ ಲಕ್ಷಣ ಪರಿಚಯದ್ದು. ಇಂಥ ಕೋಡ್ ಪರಿಶೀಲನೆಗೆ ಬಂದಾಗ ಮತ್ತೆ ಮತ್ತೆ ನೋಡುತ್ತೇನೆ. ಬ್ಯಾಲೆನ್ಸ್ ಇಡಲು ಒಂದು ಡಬ್ಬಿ ಮಾಡುತ್ತಾರೆ. ಅದು ಖಾಲಿ ಇರಬಾರದೆಂದು ಮೊದಲಿಗೆ ಅದರಲ್ಲಿ ಸೊನ್ನೆ ಹಾಕಿಡುತ್ತಾರೆ. ಪಟ್ಟಿಯಾದರೆ ಖಾಲಿ ಪಟ್ಟಿ. ಉತ್ತರ ಬಂದಾಗ ನಿಜವಾದ ಸಂಖ್ಯೆ ಬಂದು ಕೂರುತ್ತದೆ ಎಂಬ ಭರವಸೆ. ಆದರೆ ಸ್ಕ್ರೀನ್ ಉತ್ತರಕ್ಕೆ ಕಾಯುವುದಿಲ್ಲ. ಡಬ್ಬಿಯಲ್ಲಿ ಇದ್ದದ್ದನ್ನು ಆ ಕ್ಷಣವೇ ಬಿಡಿಸುತ್ತದೆ. ಕಚೇರಿಯ ವೈಫೈನಲ್ಲಿ ಆ ಸೊನ್ನೆ ಕಣ್ಣಿಗೂ ಬೀಳದೆ ಮಾಯವಾಗುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇರುವ ಊರಿನಲ್ಲಿ ಅದು ನಿಂತುಬಿಡುತ್ತದೆ. ಕೋರಿಕೆ ಸೋತರೆ, ಸೋಲನ್ನು ಸದ್ದಿಲ್ಲದೆ ನುಂಗುವ ಕೋಡ್ ಇದ್ದರೆ, ಸೊನ್ನೆಯೇ ಕೊನೆಯ ಉತ್ತರವಾಗುತ್ತದೆ.

ಅವ್ವನ ಮಾತು ಹಿಡಿದು ಯೋಚಿಸಿದರೆ, ಖಾಲಿ ಸ್ಕ್ರೀನ್ ಹಿಂದೆ ಕನಿಷ್ಠ ಮೂರು ಬಗೆಯ ‘ಇಲ್ಲ’ ಇವೆ. ಕೇಳಿದೆವು, ಉತ್ತರ ಬಂತು, ನಿಜಕ್ಕೂ ಏನೂ ಇಲ್ಲ: ಇದು ‘ಇಲ್ಲ’. ಕೇಳಿದ್ದೇವೆ, ಉತ್ತರ ದಾರಿಯಲ್ಲಿದೆ: ಇದು ‘ಇನ್ನೂ ಬಂದಿಲ್ಲ’. ಕೇಳಿದೆವು, ತರಲು ಸಾಧ್ಯವಾಗಲಿಲ್ಲ: ಇದು ‘ಗೊತ್ತಾಗಲಿಲ್ಲ’. ನಮ್ಮ ಮನೆಯ ಚಿಕ್ಕ ಮಕ್ಕಳೂ ಈ ಮೂರನ್ನು ಬೇರೆಬೇರೆಯಾಗಿ ಆಡುತ್ತಾರೆ. ಅಪ್ಪ ಮನೆಯಲ್ಲಿದ್ದಾರಾ ಎಂದು ಕೇಳಿದರೆ “ಇಲ್ಲ” ಎನ್ನುವುದಕ್ಕೂ “ಇನ್ನೂ ಬಂದಿಲ್ಲ” ಎನ್ನುವುದಕ್ಕೂ “ಗೊತ್ತಿಲ್ಲ” ಎನ್ನುವುದಕ್ಕೂ ಕೇಳಿದವರು ಮಾಡುವ ಕೆಲಸ ಬೇರೆ. ಒಬ್ಬರು ಹೊರಟುಹೋಗುತ್ತಾರೆ, ಒಬ್ಬರು ಕಾಯುತ್ತಾರೆ, ಒಬ್ಬರು ಮತ್ತೆ ಫೋನ್ ಮಾಡುತ್ತಾರೆ. ಮೂರನ್ನೂ ಒಂದೇ ಎಂದು ತೋರಿಸುವ ಸ್ಕ್ರೀನ್ ಸುಳ್ಳು ಹೇಳಿದಂತೆಯೇ.

ನಮ್ಮ ತಂಡ ಮಾಡುವುದು ಆರೋಗ್ಯ ವಿಮೆಯ ಕ್ಲೇಮ್‌ಗಳ ಪೋರ್ಟಲ್. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು, ಒಂದು ಕೈಯಲ್ಲಿ ಡಿಸ್ಚಾರ್ಜ್ ಕಾಗದ ಹಿಡಿದು ಅದನ್ನು ತೆರೆಯುವವರಿದ್ದಾರೆ. “ನಿಮ್ಮ ಕ್ಲೇಮ್‌ಗಳು” ಎಂಬ ಪುಟದಲ್ಲಿ ಮೂರೂ ಸಂದರ್ಭಕ್ಕೆ ಒಂದೇ ಇಂಗ್ಲಿಷ್ ಸಾಲು ಇತ್ತು. ಕನ್ನಡ ಆವೃತ್ತಿ ಮಾಡುವಾಗ ಅದು “ಮಾಹಿತಿ ಇಲ್ಲ” ಎಂದಾಗಿ ನನ್ನ ಮುಂದೆ ಬಂತು. ಇದನ್ನು ಮೂರು ಮಾಡಬೇಕು ಎಂದೆ. ಮ್ಯಾನೇಜರ್ ಒಪ್ಪಲಿಲ್ಲ. ಎರಡು ಸೆಕೆಂಡಿನ ಮಾತಿಗಾಗಿ ಬಿಡುಗಡೆಯ ದಿನ ಮುಂದೆ ಹಾಕುವುದು ಹೇಗೆ ಎಂದು ಅವರ ವಾದ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡುವ ಸೌಲಭ್ಯವಿದೆ. ಅದನ್ನು ಹಾಕಿ, ಲ್ಯಾಪ್‌ಟಾಪ್ ಅವರ ಕೈಗೇ ಕೊಟ್ಟೆ. ತಮ್ಮದೇ ಪರೀಕ್ಷೆಯ ಖಾತೆ ತೆರೆದರು. ಸ್ಕ್ರೀನ್ ಮೇಲೆ “ಕ್ಲೇಮ್ ಇಲ್ಲ” ಎಂದು ಬಂತು. ಹತ್ತು ಸೆಕೆಂಡ್ ಆಯಿತು. ಅವರು ಮತ್ತೆ ಅರ್ಜಿ ಹಾಕುವ ಬಟನ್ ಕಡೆ ಬೆರಳು ಒಯ್ದರು, ನಂತರ ನಕ್ಕು ಕೈ ಹಿಂದೆ ತೆಗೆದರು. ಎರಡು ದಿನ ಕೊಟ್ಟರು.

ಆ ಎರಡು ದಿನದಲ್ಲಿ ಬರೆದ ಸಾಲುಗಳು ಇವು: “ನಿಮ್ಮ ಕ್ಲೇಮ್‌ಗಳ ವಿವರ ತರುತ್ತಿದ್ದೇವೆ.” “ನೀವು ಇದುವರೆಗೆ ಯಾವ ಕ್ಲೇಮ್‌ಗೂ ಅರ್ಜಿ ಹಾಕಿಲ್ಲ.” “ವಿವರ ತರಲು ಆಗಲಿಲ್ಲ. ನಿಮ್ಮ ಅರ್ಜಿಗೆ ಇದರಿಂದ ಏನೂ ಆಗಿಲ್ಲ. ಮತ್ತೆ ಪ್ರಯತ್ನಿಸಿ.” ಮೂರನೆಯದರ ನಡುವಿನ ವಾಕ್ಯ ಅವ್ವನಿಗಾಗಿ ಬರೆದದ್ದು. ಕಣ್ಣು ಕಾಣದವರ ಫೋನ್ ಈ ಸಾಲುಗಳನ್ನು ತಾನಾಗಿ ಓದಿ ಹೇಳುವಂತೆಯೂ ಗುರುತು ಹಾಕಿದೆವು. ಗಿರಗಿರ ತಿರುಗುವ ಚಕ್ರ ಅವರಿಗೆ ಬರೀ ಮೌನ.

ಈ ಕೆಲಸದಲ್ಲಿರುವವರು ಗಮನಿಸಬೇಕಾದ ಇನ್ನೂ ಕೆಲವು ಜಾಗಗಳಿವೆ. ಬ್ರೌಸರಿನ ‘ಫೆಚ್’ ಒಂದು ವಿಚಿತ್ರ ದೂತ. ಸರ್ವರ್ 404 ಎಂದರೂ 500 ಎಂದರೂ “ಉತ್ತರ ತಂದೆ” ಎಂದು ನಿಲ್ಲುತ್ತಾನೆ. ಅವನ ಲೆಕ್ಕದಲ್ಲಿ ಬೈಗುಳವೂ ಉತ್ತರವೇ. ಸರ್ವರನ್ನು ಮುಟ್ಟಲಿಕ್ಕೇ ಆಗದಿದ್ದರೆ ಮಾತ್ರ ಸೋತೆ ಎನ್ನುತ್ತಾನೆ. ತಂದ ಉತ್ತರದಲ್ಲಿ ‘ಓಕೆ’ ಇದೆಯೇ ಎಂದು ನಾವೇ ತೆರೆದು ನೋಡಬೇಕು. ಇಷ್ಟೇ ಹೊತ್ತು ಕಾಯಬೇಕೆಂಬ ಗಡುವನ್ನೂ ಅವನಿಗೆ ನಾವೇ ಹಾಕಬೇಕು. ಇಲ್ಲದಿದ್ದರೆ ಚಕ್ರ ತಿರುಗುತ್ತಲೇ ಇರುತ್ತದೆ, ‘ಇನ್ನೂ ಬಂದಿಲ್ಲ’ ಎಂಬುದೂ ಸುಳ್ಳಾಗುತ್ತದೆ.

ಇನ್ನೊಂದು, ಉತ್ತರಗಳ ಸರದಿ. ಹಿಂದೆ ಊರಿಂದ ಬರುವ ಕಾಗದಗಳು ಅದಲುಬದಲಾಗುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. “ಮದುವೆ ಮುಂದಕ್ಕೆ ಹೋಯಿತು” ಎಂಬ ಪತ್ರ ಮೊದಲು ತಲುಪಿ, “ಮದುವೆ ಇದೇ ಹುಣ್ಣಿಮೆಗೆ” ಎಂಬುದು ಆಮೇಲೆ ಬಂದರೆ ಜನ ಗಂಟುಮೂಟೆ ಕಟ್ಟುತ್ತಿದ್ದರು. ಸರ್ಚ್ ಡಬ್ಬದಲ್ಲಿ ‘ಹುಬ್ಬ’ ಎಂದು ಟೈಪ್ ಮಾಡಿದಾಗ ಒಂದು ಕೋರಿಕೆ ಹೋಗುತ್ತದೆ, ‘ಹುಬ್ಬಳ್ಳಿ’ ಎಂದು ಮುಗಿಸಿದಾಗ ಇನ್ನೊಂದು. ಮೊದಲನೆಯದರ ಉತ್ತರ ತಡವಾಗಿ ಬಂದು ಎರಡನೆಯದರ ಮೇಲೆ ಕೂತರೆ, ಬರೆದದ್ದು ಒಂದು, ಕಾಣುವುದು ಇನ್ನೊಂದು. ಹೊಸದನ್ನು ಕಳಿಸುವಾಗ ಹಳೆಯದನ್ನು ರದ್ದು ಮಾಡಲು ‘ಅಬಾರ್ಟ್ ಕಂಟ್ರೋಲರ್’ ಇದೆ. ಕನಿಷ್ಠ ಹಳೆಯ ಉತ್ತರವನ್ನು ಗುರುತಿಸಿ ಬಿಟ್ಟುಬಿಡಬೇಕು. ರೋಗಿಯ ವಿವರದ ಪುಟದಲ್ಲಿ ಇದು ತಪ್ಪಿದರೆ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಬಿಲ್ ಬರುತ್ತದೆ.

ಎಷ್ಟು ಹೊತ್ತಿಗೆ ಏನು ತೋರಿಸಬೇಕು ಎಂಬುದಕ್ಕೆ ಜೇಕಬ್ ನೀಲ್ಸನ್ 1993ರಲ್ಲಿ ಬರೆದ ಅಳತೆಯನ್ನೇ ನಾನು ಈಗಲೂ ಬಳಸುತ್ತೇನೆ. 0.1 ಸೆಕೆಂಡಿನೊಳಗೆ ಬಂದರೆ ತಕ್ಷಣ ಆದಂತೆ ಅನಿಸುತ್ತದೆ. 1 ಸೆಕೆಂಡಿನ ತನಕ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುವ ಉತ್ತರಕ್ಕೆ ಚಕ್ರ ತಿರುಗಿಸುವ ಅಗತ್ಯವಿಲ್ಲ. ಅದಕ್ಕಿಂತ ತಡವಾದರೆ ಬೂದು ಬಣ್ಣದ ಚೌಕಟ್ಟು ತೋರಿಸಿ, ಇನ್ನೂ ತಡವಾದರೆ ಮಾತಿನಲ್ಲಿ ಹೇಳಿ. ಹಳೆಯ ಮಾಹಿತಿ ಕೈಯಲ್ಲಿದ್ದರೆ ಅದನ್ನೇ ತೋರಿಸಬಹುದು, ಆದರೆ “ನಿನ್ನೆ ಸಂಜೆ 6ಕ್ಕೆ ಇದ್ದಂತೆ” ಎಂದು ಪಕ್ಕದಲ್ಲಿ ಬರೆದಿರಬೇಕು. ನೋಡುವ ಕೋರಿಕೆ ಸೋತರೆ ತಾನಾಗಿ ಮತ್ತೆ ಕಳಿಸಿದರೂ ನಡೆಯುತ್ತದೆ. ದುಡ್ಡು ಕಳಿಸುವ ಕೋರಿಕೆಯನ್ನು ಹಾಗೆ ಕಳಿಸುವಂತಿಲ್ಲ. ಮೊದಲನೆಯದು ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಇಂಥ ಕಡೆ ಪ್ರತಿ ವ್ಯವಹಾರಕ್ಕೂ ಒಂದೇ ಗುರುತಿನ ಸಂಖ್ಯೆ ಇಟ್ಟು, ಎರಡನೇ ಸಲ ಬಂದರೆ ಸರ್ವರ್ ಗುರುತು ಹಿಡಿಯುವಂತೆ ಮಾಡಬೇಕು.

ಈಗ ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಯಾವ ಪುಟದ ವಿನ್ಯಾಸ ಬಂದರೂ ಒಂದು ಚಿತ್ರ ಸಾಲದು, ನಾಲ್ಕು ಬೇಕು: ಮಾಹಿತಿ ತುಂಬಿದ್ದು, ಖಾಲಿ ಇದ್ದದ್ದು, ಕಾಯುತ್ತಿರುವುದು, ಸೋತದ್ದು. ಹೊಸದಾಗಿ ಸೇರಿದ ಹುಡುಗರು ಮೊದಲ ವಾರ ಗೊಣಗುತ್ತಾರೆ. ನಾಲ್ಕನೇ ಚಿತ್ರಕ್ಕೆ ಮಾತು ಹುಡುಕುವಾಗ, ಇದನ್ನು ನಿಮ್ಮ ತಾಯಿ ಒಬ್ಬರೇ ಇದ್ದಾಗ ಓದುತ್ತಾರೆ ಎಂದುಕೊಂಡು ಬರೆಯಿರಿ ಎನ್ನುತ್ತೇನೆ. ಮಾತು ತಾನಾಗಿ ಸರಿಯಾಗುತ್ತದೆ.

ಊರಿನಲ್ಲಿ ವಯಸ್ಸಾದವರನ್ನು ಬಿಟ್ಟು ಬಂದ ನನ್ನಂಥವರಿಗೆ ಒಂದು ಮಾತು. ಅವರು ಫೋನ್ ಮಾಡಿ “ಏನೂ ಇಲ್ಲಂತ ತೋರಿಸ್ತೈತಿ” ಎಂದರೆ, ಸ್ಕ್ರೀನ್ ಮೇಲಿರುವ ಅಕ್ಷರಗಳನ್ನು ಇದ್ದ ಹಾಗೇ ಓದಿಸಿ ಕೇಳಿ. ಆ್ಯಪ್ ಮುಚ್ಚಿ ಮತ್ತೆ ತೆರೆಯಲು ಹೇಳಿ. ಬ್ಯಾಂಕಿನಿಂದ ಬಂದ ಕೊನೆಯ ಎಸ್ಸೆಮ್ಮೆಸ್ ತೆಗೆಸಿ ನೋಡಿ. ದುಡ್ಡು ಕಳಿಸುವಾಗ ನಡುವೆ ನಿಂತರೆ, ಹಿಂದಿನ ವ್ಯವಹಾರ ಏನಾಯಿತೆಂದು ತಿಳಿಯುವ ತನಕ ಮತ್ತೆ ಬಟನ್ ಒತ್ತಬೇಡಿ ಎನ್ನಿ.

ಅವ್ವ ಈಗಲೂ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಗದಗಕ್ಕೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುತ್ತಾಳೆ. ಆ ಆ್ಯಪ್ ಆಮೇಲೆ ಎರಡು ಸಲ ಹೊಸದಾಗಿದೆ, ಸೊನ್ನೆ ಈಗ ಕಾಣುವುದಿಲ್ಲ. ನಾನೇ ತೆರೆದು ತೋರಿಸಿದೆ. ನೋಡಿದಳು, ಚಂದ ಐತಿ ಎಂದಳು. ಮುಂದಿನ ತಿಂಗಳು ಮತ್ತೆ ಬಸ್ ಹತ್ತಿದಳು.