ನುಚ್ಚು, ಮಜ್ಜಿಗೆ ಮತ್ತು ಸತ್ಯಾಣುವ್ರತ

ಅಹಿಂಸೆಯ ಮಾತು ಬಂದಾಗ ಅಡುಗೆಮನೆಯ ನೆನಪು ನಮಗೆ ತಾನಾಗಿಯೇ ಆಗುತ್ತದೆ. ಸತ್ಯದ ಮಾತು ಬಂದಾಗ ಹಾಗಾಗುವುದಿಲ್ಲ. ಪರ್ವದ ದಿನಗಳಲ್ಲಿ ಬಸದಿಯ ಪಂಕ್ತಿಯಲ್ಲಿ ರೊಟ್ಟಿ, ಝುಣಕ, ಶೇಂಗಾ ಹಿಂಡಿಗಳನ್ನು ಬಡಿಸುತ್ತ, 'ಇದು ಚಾಲುಕ್ಯರ ಕಾಲದಿಂದ ಬಂದ ನಮ್ಮ ಊಟ' ಎಂದು ಹೇಳುವುದನ್ನು ಕೇಳಿದಾಗಲೆಲ್ಲ, ಈ ಎರಡನೆಯ ಅಣುವ್ರತವನ್ನೂ ಎಲೆಯ ಮುಂದೆ ನೆನೆಯಬೇಕೆಂದು ನನಗೆ ಅನ್ನಿಸುತ್ತದೆ.

ನಮ್ಮ ಸೀಮೆಯವರ ಹೆಮ್ಮೆಗೆ ಆಧಾರವಿದೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥ, ಬಾಹುಬಲಿಯರ ಮೂರ್ತಿಗಳಿವೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದ ಮೇಗುಟಿ ಜಿನಾಲಯವಿದೆ. ಅಡುಗೆಯನ್ನೇ ವಿಷಯವಾಗಿಸಿಕೊಂಡು 'ಸೂಪಶಾಸ್ತ್ರ'ವನ್ನು ರಚಿಸಿದ ಮೂರನೆಯ ಮಂಗರಸನೂ ಜೈನಕವಿಯೇ. ಆದರೆ ರವಿಕೀರ್ತಿಯ ಊಟದಲ್ಲಿ ಶೇಂಗಾ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಇವೆರಡೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ನಂತರ ಅವು ಈ ದೇಶವನ್ನು ಸೇರಿದವು. ಅದಕ್ಕೆ ಮೊದಲು ಖಾರಕ್ಕೆ ಕಾಳುಮೆಣಸು ಇತ್ತು. 'ಮೆಣಸಿನಕಾಯಿ' ಎಂಬ ಹೆಸರೇ ಆ ಹಳೆಯ ಮೆಣಸಿನಿಂದ ಬಂದದ್ದು. ಜೋಳವೂ ಮೂಲತಃ ಆಫ್ರಿಕದ ಧಾನ್ಯ. ಸಾವಿರಾರು ವರ್ಷಗಳ ಹಿಂದೆಯೇ ಬಂದು ಇಲ್ಲಿಯದೇ ಆಯಿತು.

ಇದನ್ನೆಲ್ಲ ಕೇಳಿದ ನನ್ನ ಮೊಮ್ಮಗಳು, "ಹಂಗಾದ್ರ ಶೇಂಗಾ ಹಿಂಡಿ ನಮ್ದಲ್ಲೇನು, ಅಜ್ಜಾ?" ಎಂದಳು. ಈ ಪ್ರಶ್ನೆ ಸಣ್ಣದಲ್ಲ. ತಿನಿಸು ಪುರಾತನವಾದ್ದರಿಂದ ನಿಯಮವನ್ನು ಪಾಲಿಸಬೇಕೆಂದು ಮಕ್ಕಳಿಗೆ ಕಲಿಸಿದರೆ, ತಿನಿಸು ಈಚಿನದೆಂದು ತಿಳಿದ ದಿನ ಅವರು ನಿಯಮವನ್ನೂ ಕೈಬಿಟ್ಟಾರು. ನಾನು ಅವಳಿಗೆ ಹೇಳಿದ್ದಿಷ್ಟು: ಶೇಂಗಾ ಮಣ್ಣಿನೊಳಗೆ ಬಲಿತರೂ ಬೀಜವೇ ಹೊರತು ಗಡ್ಡೆಯಲ್ಲವೆಂದು ವಿವೇಚಿಸಿ ನಮ್ಮ ಮನೆಯ ಹಿರಿಯರು ಅದನ್ನು ಒಪ್ಪಿಕೊಂಡರು. ಹಿಂಡಿಗೆ ಬೆಳ್ಳುಳ್ಳಿಯನ್ನು ಬಿಟ್ಟು ಜೀರಿಗೆ ಹಾಕಿದರು. ಅದೇ ಅಮೆರಿಕದಿಂದ ಬಂದ ಬಟಾಟೆಯನ್ನು ಬೇಡವೆಂದರು. ಎರಡೂ ಪರದೇಶದವು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಟ್ಟ ಆ ವಿವೇಕವೇ ನಮ್ಮದು.

ನಮ್ಮ ಅತ್ಯಂತ ಸರಳ ಊಟವಾದ ನುಚ್ಚಿನಲ್ಲಿಯೂ ಇದನ್ನೇ ಕಾಣಬಹುದು. ಜೋಳವನ್ನು ಹುಳುಗಳಿಲ್ಲದಂತೆ ನೋಡಿ ಹಸನು ಮಾಡಿ, ಒಡೆದು, ಹಿಟ್ಟನ್ನು ಸಾಣಿಸಿ ತೆಗೆಯಬೇಕು. ಉಳಿದ ನುಚ್ಚಿನ ಮೂರು-ನಾಲ್ಕು ಪಟ್ಟು ಸೋಸಿದ ನೀರಿಗೆ ಉಪ್ಪು ಹಾಕಿ ಕುದಿಸಿ, ನುಚ್ಚು ಸುರಿದು, ಸಣ್ಣ ಉರಿಯಲ್ಲಿ ತಿರುವುತ್ತ ಬೇಯಿಸಿದರಾಯಿತು. ಮಜ್ಜಿಗೆ ಕಲಸಿ ಉಂಡರೆ ಬೇಸಗೆಯ ದಣಿವಿಗೂ ಉಪವಾಸದ ಮರುದಿನದ ಪಾರಣೆಗೂ ಹಿತ. ಕಡಲೆಹಿಟ್ಟಿನ ಝುಣಕ ಮಾಡಿದ ದಿನ ನಮ್ಮ ತಾಯಿಯವರು ಮಜ್ಜಿಗೆಯ ಗಡಿಗೆಯನ್ನು ಒಳಗೇ ಇಡುತ್ತಿದ್ದರು. ದ್ವಿದಳದೊಡನೆ ಹಸಿ ಮಜ್ಜಿಗೆ ಸೇರಬಾರದು. ಜೋಳ ದ್ವಿದಳವಲ್ಲದ್ದರಿಂದ ನುಚ್ಚಿನ ದಿನ ಅದು ಹೊರಬರುತ್ತಿತ್ತು.

ಇಳಕಲ್ಲಿನ ನೇಕಾರರ ಮನೆಗಳಲ್ಲಿಯೂ ಬಾಗಲಕೋಟೆಯ ರೈತರ ಮನೆಗಳಲ್ಲಿಯೂ ಇದೇ ನುಚ್ಚು ಬೇಯುತ್ತದೆ. ಅದನ್ನು ನಮ್ಮದೇ ಎಂದು ಹೇಳಿಕೊಳ್ಳಲಾಗದು. ನೀರು ಸೋಸುವ ಬಟ್ಟೆ, ಹೊತ್ತು ಮುಳುಗುವ ಮುನ್ನ ಮುಗಿಯುವ ಊಟ, ಇವನ್ನು ಹೇಳಿಕೊಳ್ಳಬಹುದು.

ಆದ್ದರಿಂದ ಬಸದಿಗಳ ಟ್ರಸ್ಟುಗಳು ಪರ್ವದ ಊಟವನ್ನು ಪರಿಚಯಿಸುವಾಗ ಶತಮಾನಗಳನ್ನು ಹಿಗ್ಗಿಸದಿರಲಿ. ಕಾಳು ಎಲ್ಲಿಂದ ಬಂದಿತು, ಯಾವುದನ್ನು ಏಕೆ ಬಿಟ್ಟೆವು ಎಂಬುದನ್ನು ಮಕ್ಕಳಿಗೆ ತಿಳಿದಷ್ಟೇ ಹೇಳಲಿ. ನಿಜವನ್ನು ಕೇಳಿ ಬೆಳೆದ ಮಗುವಿಗೆ ನಿಯಮವನ್ನು ಹಿಡಿಯಲು ಹುಸಿ ಹೆಮ್ಮೆಯ ಊರುಗೋಲು ಬೇಕಾಗುವುದಿಲ್ಲ.