ನೂರು ರೂಪಾಯಿಯ ಲಾಭ

ಅಡಿಗೆ ಮಾಡುವುದು ಬೇರೆ, ಅಡಿಗೆ ಮಾಡಿ ತೋರಿಸುವುದು ಬೇರೆ. ಮೊದಲನೆಯದಕ್ಕೆ ಬೆಂಕಿ, ನೀರು, ಉಪ್ಪು ಸಾಕು; ಎರಡನೆಯದಕ್ಕೆ ನೋಡುವವರು ಬೇಕು. ಮದುವೆಯ ಮನೆಯ ಹಿತ್ತಲಿನಲ್ಲಿ ಹೋಳಿಗೆಯ ಹೂರಣ ರುಬ್ಬುವಾಗ, ಬೇಸಗೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಡುವಾಗ, ಹಿರಿಯಳೊಬ್ಬಳ ಸುತ್ತ ಹತ್ತು ಹುಡುಗಿಯರು ಕುಳಿತು ಕಣ್ಣಿನಿಂದಲೇ ಕಲಿಯುತ್ತಿದ್ದ ಕಾಲದಲ್ಲಿ ಅದಕ್ಕೆ ಪ್ರಾತ್ಯಕ್ಷಿಕೆ ಎಂಬ ಹೆಸರಿರಲಿಲ್ಲ. ಹೆಸರು ಬಂದದ್ದು ಅದಕ್ಕೊಂದು ಬೆಲೆ ಬಂದಮೇಲೆ.

ಚನ್ನಗಿರಿಯ ಒಂದು ಓಣಿಯಲ್ಲಿ ಇಂಥ ಪ್ರಾತ್ಯಕ್ಷಿಕೆ ತಿಂಗಳಿಗೊಮ್ಮೆ ನಡೆಯುತ್ತದೆ. ಮನೆಯೊಡತಿ ನಿವೃತ್ತ ಉಪಾಧ್ಯಾಯರೊಬ್ಬರ ಪತ್ನಿ. ಓಣಿಯ ಮಕ್ಕಳಿಗೆಲ್ಲ ಆಕೆ ದೊಡ್ಡಮ್ಮ. ಇಲ್ಲಿಯೂ ಆ ಹೆಸರೇ ಇರಲಿ. ದೊಡ್ಡಮ್ಮನವರ ಕೈಯಡಿಗೆಗೆ ಊರಿನಲ್ಲಿ ಮೊದಲಿನಿಂದಲೂ ಒಳ್ಳೆಯ ಮಾತಿತ್ತು. ಪೇಟೆಯ ದೊಡ್ಡ ದಿನಸಿ ಅಂಗಡಿಯೊಂದಕ್ಕೆ ಆ ಮಾತು ತಲುಪಿತು. ಹಬ್ಬದ ರಿಯಾಯಿತಿ ಮಾರಾಟದ ದಿನಗಳಲ್ಲಿ ಅಂಗಡಿಯವರು ಮನೆಗೆ ಬಂದು, ಕೂಪನ್ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ದೊಡ್ಡಮ್ಮ ಹೆಂಗಸರನ್ನು ಕರೆದು ಹೊಸ ಹೊಸ ತಿಂಡಿ ಮಾಡಿ ತೋರಿಸಬೇಕು. ಸಾಮಾನನ್ನು ಅಂಗಡಿಯೇ ಕೊಡುತ್ತದೆ. ಬಂದವರಿಗೆಲ್ಲ ಒಂದೊಂದು ಕೂಪನ್. ಸಾವಿರ ರೂಪಾಯಿಯ ಸಾಮಾನು ಕೊಂಡರೆ ನೂರು ರೂಪಾಯಿ ಬಿಡುತ್ತಾರೆ. ಹಿಂದಿರುಗಿ ಬಂದ ಕೂಪನ್ನುಗಳ ಲೆಕ್ಕ ಒಂದು ಮಟ್ಟ ಮುಟ್ಟಿದರೆ ದೊಡ್ಡಮ್ಮನವರಿಗೊಂದು ಮಿಕ್ಸಿ. ಈ ಕೊನೆಯ ಮಾತು ಮಾತ್ರ ಮೇಜಿನ ಆಚೆ ಈಚೆಯ ಇಬ್ಬರ ನಡುವೆಯೇ ಉಳಿಯಿತು.

ಮೊದಲ ಶನಿವಾರ ಹದಿನಾಲ್ಕು ಮಂದಿ ಬಂದರು. ನಡುಮನೆಯಲ್ಲಿ ಜಮಖಾನ ಹಾಸಿ, ಗ್ಯಾಸಿನ ಒಲೆಯನ್ನು ಎಲ್ಲರಿಗೂ ಕಾಣುವಂತೆ ಇಡಲಾಗಿತ್ತು. ಕಸ್ಟರ್ಡ್ ಪುಡಿಯಿಂದ ಹಣ್ಣಿನ ಪಾಯಸ, ಬಾಟಲಿಯ ಸಾಸಿನಿಂದ ಶಾವಿಗೆ, ಚೀಸು ತುರಿದ ದೋಸೆ. ದೊಡ್ಡಮ್ಮ ಮಾಡುತ್ತ ಹೋದರು. ಹೆಂಗಸರು ತಿನ್ನುತ್ತ, ನಗುತ್ತ, ಕೇಳುತ್ತ ಹೋದರು. ಹೊರಡುವಾಗ ಪ್ರತಿಯೊಬ್ಬರ ಕೈಯಲ್ಲೂ ಕುಂಕುಮದ ಜೊತೆಗೆ ಒಂದು ಕೂಪನ್ ಇತ್ತು. ತಾಂಬೂಲದ ತಟ್ಟೆಯಿಂದ ಬಂದದ್ದನ್ನು ಬೇಡವೆನ್ನುವ ರೂಢಿ ನಮ್ಮ ನಾಡಿನಲ್ಲಿ ಇಲ್ಲ.

ಈ ಉಪಾಯ ಚನ್ನಗಿರಿಯ ಅಂಗಡಿಯವರು ಕಂಡುಹಿಡಿದದ್ದಲ್ಲ. 1887ರ ಸುಮಾರಿಗೆ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಕೋಕಾ-ಕೋಲಾ ಪಾನೀಯದವರು, ಒಂದು ಲೋಟ ಉಚಿತವೆಂದು ಚೀಟಿ ಹಂಚಿದರು. ಉಚಿತವಾಗಿ ಕುಡಿದವನು ಎರಡನೆಯ ಲೋಟಕ್ಕೆ ದುಡ್ಡು ಕೊಟ್ಟೇ ಬರುತ್ತಾನೆಂಬುದು ಅವರ ನಂಬಿಕೆ, ಅದು ಸುಳ್ಳಾಗಲಿಲ್ಲ. ಅದೇ ದೇಶದಲ್ಲಿ 1951ರಲ್ಲಿ ಟಪ್ಪರ್‌ವೇರ್ ಎಂಬ ಪ್ಲಾಸ್ಟಿಕ್ ಡಬ್ಬಿಗಳ ಸಂಸ್ಥೆ ತನ್ನ ಸರಕನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆದು, ಮನೆಮನೆಯ ಕೂಟಗಳಲ್ಲಿ ಮಾತ್ರ ಮಾರತೊಡಗಿತು. ಬ್ರೌನಿ ವೈಸ್ ಎಂಬ ಮಹಿಳೆ ಆ ಕೂಟಗಳ ಹಿಂದಿನ ಬುದ್ಧಿ. ಅಂಗಡಿಯವನಿಗೆ ಬೇಡವೆನ್ನುವುದು ಸುಲಭ. ಕಾಫಿ ಕೊಟ್ಟ ಗೆಳತಿಗೆ ಬೇಡವೆನ್ನುವುದು ಕಷ್ಟ ಎಂಬ ಸತ್ಯವನ್ನು ಆಕೆ ಬಲ್ಲವಳಾಗಿದ್ದಳು.

ನಮ್ಮಲ್ಲಿಯೂ ಅಡಿಗೆಯನ್ನು ತೋರಿಸಿ ಕಲಿಸಿದ ಕಾಲವೊಂದಿತ್ತು. ಅದರ ಕಾರಣ ಬೇರೆ. 1965ರ ಅಭಾವದ ದಿನಗಳಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಅಮೆರಿಕದಿಂದ ಗೋಧಿ ಬಂತು, ಕೆಂಪು ಜೋಳ ಬಂತು. ಅನ್ನ ಉಂಡು ಬೆಳೆದವರ ಮನೆಯಲ್ಲಿ ಚಪಾತಿ ಲಟ್ಟಿಸುವುದನ್ನು ಕಲಿಯಬೇಕಾಯಿತು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ಕಡಲೆಕಾಯಿಯ ಹಿಟ್ಟಿನಿಂದ ಪೌಷ್ಟಿಕ ಆಹಾರ ತಯಾರಿಸುವ ಪ್ರಯೋಗಗಳು ನಡೆದವು. ಇದ್ದುದರಲ್ಲಿ ಹೊಟ್ಟೆ ತುಂಬಿಸುವುದು ಹೇಗೆಂದು ಕಲಿಸಿದ ಕಾಲ ಅದು. ಇಲ್ಲದುದನ್ನು ಬೇಕೆನ್ನಿಸುವುದು ಹೇಗೆಂದು ಕಲಿಸುವ ಕಾಲ ಆಮೇಲೆ ಬಂತು.

ದೊಡ್ಡಮ್ಮನವರ ಮನೆಗೆ ಮಿಕ್ಸಿ ಬಂದದ್ದು ನಾಲ್ಕನೆಯ ತಿಂಗಳಲ್ಲಿ. ಅದನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಒರೆಸುತ್ತಿದ್ದ ಬೆಳಿಗ್ಗೆಯೇ ಬಾಗಿಲಲ್ಲಿ ಒಂದು ಮಗು ಬಂದು ನಿಂತಿತು. ಎದುರು ಸಾಲಿನಲ್ಲಿ ಹೊಲಿಗೆಯ ಯಂತ್ರ ತುಳಿದು ಸಂಸಾರ ತೂಗಿಸುವಾಕೆಯ ಮಗಳು.

“ದೊಡ್ಡಮ್ಮಾ, ಗ್ಯಾಸಿನವರು ಬಂದಿದ್ದಾರೆ. ಮುನ್ನೂರು ರೂಪಾಯಿ ಇದ್ದರೆ ಕೊಡಬೇಕಂತೆ. ಅಮ್ಮ ಶುಕ್ರವಾರ ಕೊಡುತ್ತಾಳಂತೆ.”

ದೊಡ್ಡಮ್ಮ ಹಣ ಕೊಟ್ಟು ಕಳುಹಿಸಿದರು. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆಕೆ ಯಾರ ಬಳಿಯೂ ಕೈಯೊಡ್ಡಿದವಳಲ್ಲ. ರವಿಕೆ ಹೊಲಿದ ಕೂಲಿಯನ್ನೂ ಬಾಯಿಬಿಟ್ಟು ಕೇಳಲು ನಾಚುವವಳು. ಸಂಜೆ ದೊಡ್ಡಮ್ಮ ತಾವೇ ಅವಳ ಮನೆಗೆ ಹೋದರು. ಹೇಳಲೋ ಬೇಡವೋ ಎಂದು ತಡೆದು ತಡೆದು, ಆಕೆ ಮಾತು ಹೊರಗೆಡವಿದಳು.

ಅವಳ ತಿಂಗಳ ಪಟ್ಟಿ 620 ರೂಪಾಯಿಯದು. ಕೂಪನ್ ನಡೆಯಬೇಕಾದರೆ ಸಾವಿರ ಮುಟ್ಟಬೇಕು. ಶನಿವಾರ ತಿಂದ ಹಣ್ಣಿನ ಪಾಯಸವನ್ನು ಮಗಳು ಮತ್ತೆ ಮತ್ತೆ ಕೇಳಿದ್ದಳು. ಕಸ್ಟರ್ಡ್ ಪುಡಿ, ಸಾಸಿನ ಬಾಟಲಿ, ಚೀಸಿನ ಡಬ್ಬಿ ಎಂದು 380 ರೂಪಾಯಿಯ ಸಾಮಾನು ಕೂಡಿಸಿ ಸಾವಿರ ಮಾಡಿದಳು. ನೂರು ರೂಪಾಯಿ ಬಿಟ್ಟರು. 900 ಕೊಟ್ಟು ಬಂದಳು. ನೂರು ರೂಪಾಯಿ ಉಳಿಯಿತೆಂದು ಸಂತೋಷಪಟ್ಟದ್ದೂ ನಿಜ. ಸಿಲಿಂಡರ್ ಬಂದ ದಿನ, ಅದಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ 280 ರೂಪಾಯಿ ಕಡಿಮೆ ಬಿತ್ತು.

“ತಪ್ಪು ನನ್ನದೇ ಅಕ್ಕಾ. ನೀವು ಕರೆದು ಕುಂಕುಮ ಕೊಟ್ಟು ಕೊಟ್ಟದ್ದನ್ನು ಹಾಗೇ ಬಿಡಬಾರದು ಅಂತ ಅನ್ನಿಸಿತು” ಎಂದಳು ಆಕೆ.

ಆ ರಾತ್ರಿ ದೊಡ್ಡಮ್ಮನವರಿಗೆ ನಿದ್ರೆ ಹತ್ತಲಿಲ್ಲ. ನೂರು ರೂಪಾಯಿಯ ಲಾಭ 280 ರೂಪಾಯಿಯ ಸಾಲವಾದ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು. ಆ ಲೆಕ್ಕದ ಕೊನೆಯ ಸಾಲಿನಲ್ಲಿ ತಮ್ಮ ಮನೆಯ ಮಿಕ್ಸಿ ಕುಳಿತಿರುವುದೂ ಸ್ಪಷ್ಟವಾಗಿತ್ತು.

ಮರುದಿನ ಅವರು ಮಿಕ್ಸಿಯನ್ನು ಹಿಂದಕ್ಕೆ ಕೊಡಲು ಹೋದರು. ಅಂಗಡಿಯವರು ನಕ್ಕರು, ಕೊಟ್ಟದ್ದನ್ನು ತೆಗೆದುಕೊಳ್ಳುವ ಪದ್ಧತಿ ಇಲ್ಲವೆಂದರು. ಉಳಿದ ಕೂಪನ್ ಪುಸ್ತಕವನ್ನು ಮಾತ್ರ ಅಲ್ಲಿಟ್ಟು ಬಂದರು. ಮುಂದಿನ ಶನಿವಾರ ಜಮಖಾನದ ಮೇಲೆ ಕುಳಿತವರ ಎದುರಿಗೆ ಮಿಕ್ಸಿಯನ್ನು ಇಟ್ಟು, ಅದು ಎಲ್ಲಿಂದ ಬಂತು, ಹೇಗೆ ಬಂತು ಎಂಬುದನ್ನು ಇದ್ದಂತೆ ಹೇಳಿದರು. ಮನೆ ಒಂದು ಕ್ಷಣ ಸ್ತಬ್ಧವಾಯಿತು. ಮೂಲೆಯಲ್ಲಿ ಗೋಡೆಗೊರಗಿದ್ದ ಅಜ್ಜಿಯೊಬ್ಬರು ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿ, “ಇದು ನಮಗೆ ಗೊತ್ತಿರಲಿಲ್ಲ ಅಂದುಕೊಂಡೆಯೇನೇ ತಾಯೀ? ಅಂಗಡಿಯ ಹುಡುಗ ನನ್ನ ಸೊಸೆಗೆ ಮೊದಲ ದಿನವೇ ಹೇಳಿದ್ದ. ನಿನ್ನ ಬಾಯಿಂದ ಯಾವತ್ತು ಬರುತ್ತದೋ ಅಂತ ಕಾಯುತ್ತಿದ್ದೆವು” ಎಂದರು. ಎಲ್ಲರೂ ನಕ್ಕರು. ಹೊಲಿಗೆಯಾಕೆ ನಗಲಿಲ್ಲ, ಆದರೆ ಮುಂದಿನ ತಿಂಗಳು ಬರುವಾಗ ಕೈಯಲ್ಲೊಂದು ನೋಟ್‌ಬುಕ್ ತಂದಳು.

ಅಂದಿನಿಂದ ಆ ಮನೆಯ ಪ್ರಾತ್ಯಕ್ಷಿಕೆಯ ಕ್ರಮ ಬದಲಾಯಿತು. ಮೊದಲು ಕಾಗದ, ಆಮೇಲೆ ಒಲೆ. ಎಲ್ಲರೂ ತಮ್ಮ ತಮ್ಮ ಮನೆಗೆ ಬಂದ ರಿಯಾಯಿತಿಯ ಚೀಟಿಗಳನ್ನೂ ಪತ್ರಿಕೆಯೊಳಗಿನ ಜಾಹೀರಾತುಗಳನ್ನೂ ತರುತ್ತಾರೆ. ಯಾವುದು ಬೇಕಾದ ಸಾಮಾನಿನ ಮೇಲಿನ ರಿಯಾಯಿತಿ, ಯಾವುದು ಬೇಡದ ಸಾಮಾನಿನ ಆಮಿಷ ಎಂದು ಬೇರೆ ಮಾಡುತ್ತಾರೆ. ಎಣ್ಣೆಯ ಒಂದು ಲೀಟರಿನ ಪೊಟ್ಟಣ ಒಂದು ಕಿಲೋ ಅಲ್ಲ, ಸುಮಾರು 910 ಗ್ರಾಮು. ಅದರ ಪಕ್ಕದ ಅಗ್ಗದ ಪೊಟ್ಟಣ ಅದಕ್ಕಿಂತಲೂ ಕಡಿಮೆ ತೂಗಬಹುದು. ಬೆಲೆಯ ಮೊದಲು ತೂಕ ಓದಬೇಕು. “ಒಂದು ಕೊಂಡರೆ ಒಂದು ಉಚಿತ” ಎಂಬ ಸರಕಿನ ಮೇಲೆ ತಯಾರಾದ ದಿನ, ಕೆಡುವ ದಿನ ನೋಡಬೇಕು. ಬೇಳೆ, ಬೆಲ್ಲ, ಸೋಪು ಎರಡು ತಿಂಗಳಿಗಾಗುವಷ್ಟು ಅಗ್ಗಕ್ಕೆ ಸಿಕ್ಕರೆ ಕೊಳ್ಳುವುದು ಜಾಣತನ; ರವೆಯನ್ನು ಹಾಗೆ ಕೊಂಡರೆ ಹುಳುವಿಗೆ ಹಬ್ಬ. ಇಷ್ಟಾದಮೇಲೆ, ಅಗ್ಗಕ್ಕೆ ಸಿಕ್ಕಿದ ಸಾಮಾನಿನಿಂದಲೇ ಅಂದಿನ ಅಡಿಗೆ.

ದೊಡ್ಡಮ್ಮನವರ ಬಳಗ ಸುತ್ತಲಿನ ಊರುಗಳಲ್ಲಿ ಹರಡಿದೆ. ಮಗಳು ಹೊನ್ನಾಳಿಯಲ್ಲಿ, ತಂಗಿ ನ್ಯಾಮತಿಯಲ್ಲಿ, ನಾದಿನಿ ಜಗಳೂರಿನಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಜಿಲ್ಲೆ ಒಂದಾದರೂ ಅಡಿಗೆಮನೆಗಳು ಒಂದಾಗಿಲ್ಲ. ಚನ್ನಗಿರಿಯ ತೋಟದವರ ಕೈಗೆ ಹಣ ಬರುವುದು ಅಡಿಕೆಯ ಕೊಯ್ಲಿನ ಕಾಲಕ್ಕೆ. ದಿನಸಿಯೂ ಆಗಲೇ ಮೂಟೆಗಟ್ಟಲೆ ಬರುತ್ತದೆ. ಕೂಲಿಯವರ ದಿನಸಿ ದಿನದಿನದ್ದು. ಸಾವಿರ ರೂಪಾಯಿಯ ಕೂಪನ್ ಮೊದಲಿನವರಿಗೆ ಅನುಕೂಲ, ಎರಡನೆಯವರಿಗೆ ಅಣಕ.

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಭತ್ತದ ಕೊಯ್ಲು ಮುಗಿದೊಡನೆ ಹೊಸ ಅಕ್ಕಿಯ ರಿಯಾಯಿತಿ ಮಾರಾಟ. ಅಲ್ಲಿ ದೊಡ್ಡಮ್ಮ ಎರಡು ಪಾತ್ರೆಗಳನ್ನು ಒಲೆಗೇರಿಸಿದರು: ಒಂದರಲ್ಲಿ ಒಂದು ಪಾವು ಹೊಸ ಅಕ್ಕಿ, ಇನ್ನೊಂದರಲ್ಲಿ ಒಂದು ಪಾವು ಹಳೆಯ ಅಕ್ಕಿ. ಹಳೆಯ ಅಕ್ಕಿ ಹೆಚ್ಚು ನೀರು ಕುಡಿದು ಅರಳಿತು. ಹೊಸದು ಮುದ್ದೆಯಾಗಿ ಪಾತ್ರೆಯ ಕೆಳಗೇ ಉಳಿಯಿತು. ಅಗ್ಗದ ಅಕ್ಕಿ ಊಟಕ್ಕೆ ಅಗ್ಗವಾಯಿತೇ ಎಂಬುದನ್ನು ಅಳತೆಯ ಲೋಟವೇ ಹೇಳಿತು. ಹೊಸ ಅಕ್ಕಿಯನ್ನು ಪೊಂಗಲಿಗೂ ಪಾಯಸಕ್ಕೂ ಬಳಸುವುದು ಹೇಗೆಂದು ಆಮೇಲೆ ತೋರಿಸಿದರು.

ನ್ಯಾಮತಿಯಲ್ಲಿ ಪ್ರಶ್ನೆ ಪಡಿತರದ ಅಕ್ಕಿಯದು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಮೇಲೆ ಬಡವರ ಮನೆಯಲ್ಲಿ ಅಕ್ಕಿಯ ಡಬ್ಬ ಬರಿದಾಗುವುದು ತಪ್ಪಿತು. 2016ರಲ್ಲಿ ಪಡಿತರಕ್ಕೂ ಕೂಪನ್ ಪದ್ಧತಿ ಬಂದಿತ್ತು: ಒಂದು ಕಡೆ ಬೆರಳೊತ್ತಿ ಚೀಟಿ ಪಡೆಯಬೇಕು, ಇನ್ನೊಂದು ಕಡೆ ಅಕ್ಕಿ. ಎರಡು ಕಡೆಯ ಅಲೆದಾಟಕ್ಕೆ ಜನ ಗೊಣಗಿದರು. ಆ ಪದ್ಧತಿ ಬಹುಕಾಲ ಬಾಳಲಿಲ್ಲ. 2024ರ ಹೊತ್ತಿಗೆ ಪಡಿತರದ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೇರೆ ಬಗೆಯ ಕಾಳು ಬೆರೆತು ಬಂತು. ತೊಳೆಯುವಾಗ ಅವು ತೇಲಿದವು. ಪ್ಲಾಸ್ಟಿಕ್ ಅಕ್ಕಿಯೆಂಬ ಪುಕಾರು ಹಬ್ಬಿತು. ಎಷ್ಟೋ ಮನೆಗಳಲ್ಲಿ ಅವನ್ನು ಆರಿಸಿ ಚೆಲ್ಲಿದರು. ದೊಡ್ಡಮ್ಮ ಆ ಕಾಳುಗಳನ್ನೇ ಒಂದು ಹಿಡಿ ಆರಿಸಿ, ಎಲ್ಲರ ಎದುರಿಗೆ ಬೇಯಿಸಿದರು. ಅವು ಮೆತ್ತಗೆ ಬೆಂದು ಅನ್ನವೇ ಆದವು. ಅಕ್ಕಿಯ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಸೇರಿಸಿ ಕಾಳಿನ ಆಕಾರಕ್ಕೆ ತಂದದ್ದು ಅದು. ನಮ್ಮ ನಾಡಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಚೆಲ್ಲಿದವರು ಅರಿಯದೆ ಚೆಲ್ಲಿದ್ದು ಅದರ ಮದ್ದನ್ನೇ.

ಜಗಳೂರಿನಲ್ಲಿ ಮಾತ್ರ ದೊಡ್ಡಮ್ಮ ಕಲಿಸಲು ಹೋಗಿ ಕಲಿತು ಬಂದರು. ಮಳೆಯನ್ನೇ ನಂಬಿದ ಆ ಸೀಮೆಯ ಹೆಂಗಸರು ಕೂಪನ್ನುಗಳನ್ನು ತಿರುಗಿಸಿ ತಿರುಗಿಸಿ ನೋಡಿ ಬದಿಗಿಟ್ಟರು. ಅವರಲ್ಲೊಬ್ಬ ಹಿರಿಯಳು ಸೆರಗಿನ ಗಂಟಿನಿಂದ ನವಣೆ ಅಕ್ಕಿ ಬಿಚ್ಚಿ, ನೆನೆಹಾಕಿ, ಎರಡೂವರೆ ಪಾಲು ನೀರಿನಲ್ಲಿ ಬೇಯಿಸಿ, ಶೇಂಗಾ ಚಟ್ನಿಯ ಜೊತೆಗೆ ಬಡಿಸಿದಳು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಕರೆಯಿತು. ಪಟ್ಟಣದ ಅಂಗಡಿಗಳಲ್ಲಿ ಅದೇ ನವಣೆ ಅಂದದ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕುಳಿತಿದೆ. “ನಾವು ಮಾರಿಕೊಂಡು ಬಿಳಿ ಅಕ್ಕಿ ತರ್ತಿದ್ವಿ ತಾಯೀ. ಈಗ ಮನೆಗಾಗುವಷ್ಟು ಇಟ್ಟುಕೊಂಡು ಮಾರುತ್ತೀವಿ” ಎಂದಳು ಆಕೆ. ಯಾವ ಚೀಟಿಯಲ್ಲಿಯೂ ಅಚ್ಚಾಗದ ರಿಯಾಯಿತಿ ಅದು.

ಚನ್ನಗಿರಿಯ ಆ ಮಿಕ್ಸಿ ಈಗ ಅಡಿಗೆಮನೆಯ ಕಟ್ಟೆಯ ಮೇಲಿಲ್ಲ. ನಡುಮನೆಯ ಕಿಟಕಿಯ ಬಳಿ ಇದೆ. ಓಣಿಯಲ್ಲಿ ಯಾರ ಮನೆಯ ಹಿಟ್ಟಾದರೂ ಅಲ್ಲಿ ರುಬ್ಬಬಹುದು. ಮೂರು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಸಿದ ಪಾತ್ರೆಯನ್ನು ಹೊತ್ತು ಹೊಲಿಗೆಯಾಕೆಯ ಮಗಳು ವಾರಕ್ಕೆರಡು ಸಲ ಬರುತ್ತಾಳೆ. ಮುನ್ನೂರು ರೂಪಾಯಿಯನ್ನು ಅವಳ ತಾಯಿ ಹೇಳಿದಂತೆ ಶುಕ್ರವಾರವೇ ಹಿಂದಿರುಗಿಸಿದ್ದಳು. ದೊಡ್ಡಮ್ಮ ಬೇಡವೆಂದರೂ ಕೇಳದೆ, ಎಣಿಸಿ, ಕೈಯಲ್ಲಿಟ್ಟೇ ಹೋಗಿದ್ದಳು.