ಎದೆ ನೋವು ಅಂದೆ, ಇಸಿಜಿ ಮಾಡಿದರು

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಒಂದು ಬೆಳಿಗ್ಗೆ ಹಾಸ್ಟೆಲಿನ ಬಚ್ಚಲಲ್ಲಿ ಸೋಪು ಹಚ್ಚಿಕೊಳ್ಳುವಾಗ ಬೆರಳಿಗೆ ಏನೋ ಸಿಕ್ಕಿತು. ಎಡಗಡೆ, ಕಂಕುಳಿಗೆ ಹತ್ತಿರ. ಕಡಲೆಕಾಯಿ ಬೀಜದಷ್ಟು ದಪ್ಪ. ಒತ್ತಿದರೆ ನೋವಿಲ್ಲ, ಜಾರಿಕೊಂಡು ಆಚೆ ಹೋಗುತ್ತದೆ.

ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಕಾಲೇಜಿನಲ್ಲಿ ಸ್ತನ ಕ್ಯಾನ್ಸರ್ ಅರಿವು ಕಾರ್ಯಕ್ರಮ ನಡೆದಿತ್ತು. ಅಕ್ಟೋಬರ್ ತಿಂಗಳು, ಎಲ್ಲರಿಗೂ ಗುಲಾಬಿ ರಿಬ್ಬನ್ ಹಂಚಿದ್ದರು. ನರ್ಸಮ್ಮ ಚಾರ್ಟ್ ಹಿಡಿದು 'ಸ್ತನ' ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಕ್ಕವರಲ್ಲಿ ನಾನೂ ಒಬ್ಬಳು. ಅವರು ಹೇಳಿದ್ದೊಂದೂ ತಲೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಕ್ಯಾನ್ಸರ್ ಅನ್ನುವ ಪದ ಮಾತ್ರ.

ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ಹುಡುಕುವುದು, ಹೆದರುವುದು, ಅಳುವುದು. ಕೊನೆಗೆ ಒಬ್ಬಳೇ ಆಸ್ಪತ್ರೆಗೆ ಹೋದೆ. ಗಂಡಸು ಡಾಕ್ಟರು. ನನ್ನ ಹಿಂದೆ ಸಾಲಿನಲ್ಲಿ ನಮ್ಮೂರ ಕಡೆಯ ಒಬ್ಬ ಅಣ್ಣ ನಿಂತಿದ್ದ. "ಏನಮ್ಮ ತೊಂದ್ರೆ?" ಅಂದರು. "ಎದೆ ನೋವು ಸಾರ್" ಅಂದುಬಿಟ್ಟೆ. ನೋವೇ ಇರಲಿಲ್ಲ! ಅವರು ಇಸಿಜಿ ಬರೆದುಕೊಟ್ಟರು. ಅದನ್ನೂ ಮಾಡಿಸಿಕೊಂಡೆ. ವೈರು ಅಂಟಿಸುವ ಅಕ್ಕನಿಗಾದರೂ ಹೇಳಬಹುದಿತ್ತು, ಒಂದು ವೈರು ಗಂಟಿನಿಂದ ಎರಡು ಬೆರಳು ದೂರದಲ್ಲೇ ಇತ್ತು. ಹೇಳಲಿಲ್ಲ. "ಹಾರ್ಟ್ ಚೆನ್ನಾಗಿದೆ, ಗ್ಯಾಸ್ ಇರಬೇಕು" ಅಂತ ಮಾತ್ರೆ ಕೊಟ್ಟು ಕಳಿಸಿದರು.

ಅವರನ್ನೇನು ಅನ್ನೋದು? ಮನೆಯಲ್ಲಿ ನಮಗೆ ಕೊಟ್ಟಿರುವುದೇ ಒಂದು ಪದ, ಎದೆ. ಕೆಮ್ಮು, ಕಫ, ಹೃದಯ, ದುಃಖ ಎಲ್ಲಾ ಅದರೊಳಗೇ. ಪತ್ರಿಕೋದ್ಯಮದ ಕ್ಲಾಸಿನಲ್ಲಿ ಸರಿಯಾದ ಪದ ಬಳಸಬೇಕು ಅಂತ ಬರೆದುಕೊಂಡ ಹುಡುಗಿ ನಾನು.

ಶಿವರಾತ್ರಿಗೆ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮ ಮೊದಲು ಬಾಗಿಲು ಹಾಕಿದಳು. "ಯಾರ ಹತ್ರಾನೂ ಬಾಯಿ ಬಿಡಬ್ಯಾಡ, ನಾಳೆ ಗಂಡಿನ ಕಡೆಯೋರು ಏನಂತಾರೆ" ಅಂದಳು. ಆದರೆ ಮಾರನೇ ದಿನ ಮೊದಲ ಬಸ್ಸಿಗೇ ತುಮಕೂರಿಗೆ ಕರೆದುಕೊಂಡು ಹೋದಳು. ಲೇಡಿ ಡಾಕ್ಟರು ಕೈಯಿಂದ ನೋಡಿ, ಸ್ಕ್ಯಾನಿಂಗ್ ಮಾಡಿಸಿ, ಸೂಜಿ ಪರೀಕ್ಷೆಯನ್ನೂ ಮಾಡಿಸಿದರು. ಚಿಕ್ಕ ವಯಸ್ಸಿನವರಿಗೆ ಮ್ಯಾಮೊಗ್ರಾಂನಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ, ಅದಕ್ಕೆ ಸ್ಕ್ಯಾನಿಂಗ್. ನನಗಿದ್ದದ್ದು ಫೈಬ್ರೊಅಡಿನೋಮ. ಕ್ಯಾನ್ಸರ್ ಅಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿಯರಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಇಂಥವೇ, ಆದರೂ ತೋರಿಸದೆ ಇದೇ ಅಂದುಕೊಂಡು ಕೂರಬಾರದು ಅಂದರು.

ಯಾರಿಗೂ ಹೇಳಬೇಡ ಅಂದ ಅಮ್ಮನೇ ಸಂಜೆಯೊಳಗೆ ದೊಡ್ಡಮ್ಮನಿಗೆ ಹೇಳಿಯಾಗಿತ್ತು.

ಎರಡು ದಿನ ಬಿಟ್ಟು ದೊಡ್ಡಮ್ಮ ನನ್ನನ್ನು ಕೊಟ್ಟಿಗೆಗೆ ಕರೆದಳು. ಹಾಲು ಕರೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ಗಂಟು ಅಂದ್ರೆ ಹೆಂಗಿರ್ತೈತೆ ಪುಟ್ಟಿ?" ಹೇಳಿದೆ. ಚೊಂಬು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನನ್ನ ಬೆರಳು ಹಿಡಿದು ರವಿಕೆಯ ಮೇಲೆ ಇಟ್ಟುಕೊಂಡಳು. ಅಡಿಕೆಯಷ್ಟಿತ್ತು. ನನ್ನದರಂತೆ ಜಾರಲಿಲ್ಲ. ಕಲ್ಲಿನ ಹಾಗೆ ಕೂತಿತ್ತು.

"ಯಾವಾಗಿಂದ ದೊಡ್ಡಮ್ಮ?"

"ಹೋದ ಯುಗಾದಿಯಿಂದ. ನೋವೇನಿಲ್ವಲ್ಲ, ಅದಕ್ಕೆ ಸುಮ್ಕಿದ್ದೆ."

ಹನ್ನೊಂದು ತಿಂಗಳು. ಇದೇ ದೊಡ್ಡಮ್ಮ ದೀಪಾವಳಿ ಹೊತ್ತಿನಲ್ಲಿ ಹಸುವಿನ ಒಂದು ಮೊಲೆ ಗಟ್ಟಿಯಾಗಿದೆ ಅನ್ನಿಸಿದ ತಕ್ಷಣ ಕೆಚ್ಚಲು ಬಾವು ಅಂತ ಮಧ್ಯಾಹ್ನದೊಳಗೆ ದನದ ಡಾಕ್ಟರನ್ನು ಕರೆಸಿದ್ದವಳು. ಡೈರಿಯಲ್ಲಿ ನಿಂತು ಗಂಡಸರ ಎದುರಿಗೇ ಆ ವಿಷಯ ಮಾತಾಡಿದ್ದಳು. ಹಸುವಿನದಾದರೆ ನಾಚಿಕೆ ಇಲ್ಲ ನೋಡಿ.

ಬೆಂಗಳೂರಿನ ಕಿದ್ವಾಯಿಗೆ ಹೋದೆವು. ಸೂಜಿ ಚುಚ್ಚಿದರೆ ಮೈಯೆಲ್ಲಾ ಹರಡುತ್ತದೆ ಅಂತ ಊರಲ್ಲಿ ಯಾರೋ ದೊಡ್ಡಪ್ಪನ ತಲೆಗೆ ತುಂಬಿದ್ದರು. ಅದು ಸುಳ್ಳು, ಆ ಪರೀಕ್ಷೆ ಇಲ್ಲದೆ ಯಾವ ಔಷಧಿ ಅಂತ ತೀರ್ಮಾನಿಸಲು ಆಗುವುದಿಲ್ಲ ಅಂತ ಅಲ್ಲಿ ಸಮಾಧಾನವಾಗಿ ಹೇಳಿದರು. ಕ್ಯಾನ್ಸರ್ ಇತ್ತು. ಕಂಕುಳಿಗೂ ಬಂದಿತ್ತು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಶುರುವಾಯಿತು. ಆ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಬಸ್ಸು, ಊಟ, ಬಿಟ್ಟುಹೋದ ಕೂಲಿ ಯಾವ ಕಾರ್ಡಿಗೂ ಬರುವುದಿಲ್ಲ. 21 ದಿನಕ್ಕೊಮ್ಮೆ ಕೀಮೋ. ಎರಡನೆಯದಕ್ಕೆ ಕೂದಲು ಹೋಯಿತು. ಆಮೇಲೆ ಆಪರೇಷನ್. ಈಗ ಅವಳಿಗೆ 51. ಹುಷಾರಾಗಿದ್ದಾಳೆ ಅನ್ನೋಣ, ತಪಾಸಣೆಗೆ ಹೋಗುವ ಹಿಂದಿನ ರಾತ್ರಿ ಮಾತ್ರ ನಿದ್ದೆ ಮಾಡುವುದಿಲ್ಲ.

ನಾನು ನಕ್ಕ ದಿನ ನರ್ಸಮ್ಮ ಹೇಳಿದ್ದು ಅಕ್ಟೋಬರಿನಲ್ಲೇ ದೊಡ್ಡಮ್ಮನ ಕಿವಿಗೆ ಬಿದ್ದಿದ್ದರೆ? ನಾಲ್ಕು ತಿಂಗಳು ಮೊದಲೇ ಹೋಗಬಹುದಿತ್ತು. ಅದು ನನ್ನ ಜೊತೆಗೇ ಇರುತ್ತದೆ. ಆ ವಯಸ್ಸಿನಲ್ಲಿ ನಮಗೆ ಈ ಕಾಯಿಲೆ ಬರುವುದು ಬಹಳ ಅಪರೂಪ. ಬರುವುದು ಹೆಚ್ಚಾಗಿ ನಮ್ಮ ಅಮ್ಮ, ದೊಡ್ಡಮ್ಮ, ಅತ್ತೆಯರ ವಯಸ್ಸಿಗೆ, ಮತ್ತು ಅವರನ್ನು ಯಾರೂ ಹಾಲ್‌ನಲ್ಲಿ ಕೂರಿಸಿ ಚಾರ್ಟ್ ತೋರಿಸುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿ ಮನೆಗೆ ತಂದು ಹೇಳಿದರೆ ಉಂಟು.

ಏನು ಹೇಳಬೇಕು? ನೋವಿಲ್ಲದ ಗಂಟನ್ನೂ ಬಿಡಬಾರದು. ಚರ್ಮ ಒಳಗೆ ಎಳೆದ ಹಾಗಾಗುವುದು, ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಗೆ ಹೋಗುವುದು, ಅದರಿಂದ ರಕ್ತ ಬರುವುದು, ಕಂಕುಳಲ್ಲಿ ಗಂಟು, ಇವಕ್ಕೂ ತೋರಿಸಬೇಕು. 30 ದಾಟಿದ ಹೆಂಗಸರನ್ನು ಉಪಕೇಂದ್ರದಲ್ಲೇ ದುಡ್ಡಿಲ್ಲದೆ ಪರೀಕ್ಷಿಸಬೇಕು ಅನ್ನುವುದು ಸರ್ಕಾರದ ಕಾರ್ಯಕ್ರಮ. ಬರೀ ಕೈಯಲ್ಲಿ ನೋಡಿದರೆ ಏನು ಗೊತ್ತಾಗುತ್ತೆ ಅಂತ ನಮ್ಮಮ್ಮ ಕೇಳಿದ್ದಳು. ಮುಂಬೈಯ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ 20 ವರ್ಷ ಅಧ್ಯಯನ ಮಾಡಿದ್ದಾರೆ. ಅದರಲ್ಲಿ ಅರ್ಧದಷ್ಟು ಜನರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದ್ದು. 50 ದಾಟಿದವರಲ್ಲಿ ಈ ಕಾಯಿಲೆಯಿಂದ ಸಾಯುವುದು ಸುಮಾರು 30 ಶೇಕಡಾ ಕಡಿಮೆಯಾಯಿತು.

ಹೋದ ತಿಂಗಳು ದೊಡ್ಡಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಡೈರಿಗೆ ಹೋಗಿ, ಕ್ಯಾನ್ ಹಿಡಿದು ನಿಂತ ಹೆಂಗಸರಿಗೆಲ್ಲಾ ತನ್ನ ಕಥೆ ಹೇಳಿದಳು. ಎದೆ ಅನ್ನಲಿಲ್ಲ, ಮೊಲೆ ಅಂತಲೇ ಅಂದಳು. ಮಂಗಳವಾರ ನಮ್ಮ ಬೀದಿಯಿಂದ ನಾಲ್ಕು ಜನ ನನ್ನ ಜೊತೆ ಉಪಕೇಂದ್ರಕ್ಕೆ ಬಂದರು. ಇಬ್ಬರು ಒಳಗೆ ಹೋದರು. ಇನ್ನಿಬ್ಬರು ಜಗಲಿ ಮೇಲೆ ಗಂಡಸರು ಕೂತಿದ್ದನ್ನು ನೋಡಿ ವಾಪಸ್ ಹೋದರು. ಬರುವ ಮಂಗಳವಾರ ಅವರ ಮನೆಗೆ ಹೋಗಿ ಕರೆಯಬೇಕು.